ಓಡುತ್ತಿರುವ ಬೀಟಾ ಎಪಿಐಯನ್ನು ಹಿಂಪಡೆಯುವುದು: ಕೋಲಾರದ ಒಂದು ಕ್ಲಸ್ಟರಿನ ಅನುಭವ

ಕೋಲಾರದ ಎಪಿಎಂಸಿ ಮಾರುಕಟ್ಟೆಯ ಕೆಲವು ಟೊಮೆಟೊ ಮಂಡಿಗಳು ಬಳಸುವ ಲೆಕ್ಕಪತ್ರದ ತಂತ್ರಾಂಶವನ್ನು ನಡೆಸುವ ಸಣ್ಣ ತಂಡದಲ್ಲಿ ಸರ್ವರುಗಳ ಉಸ್ತುವಾರಿ ನನ್ನದು. ಹರಾಜಿನಲ್ಲಿ 15 ಕಿಲೋ ಬಾಕ್ಸಿಗೆ ಕೂಗಿದ ದರ, ಹಮಾಲಿ, ಲಾರಿ ಬಾಡಿಗೆ, ಮುಂಗಡದ ಕಡಿತ, ಕೊನೆಗೆ ರೈತರ ಕೈಗೆ ಹೋಗುವ ಪಟ್ಟಿ, ಇಷ್ಟೂ ಒಂದು ಕುಬರ್ನೆಟೀಸ್ ಕ್ಲಸ್ಟರಿನ ಮೇಲೆ, ಅಂದರೆ ಕುಬರ್ನೆಟೀಸ್ ಎಂಬ ವ್ಯವಸ್ಥೆ ಒಟ್ಟಾಗಿ ದುಡಿಸುವ ಯಂತ್ರಗಳ ಗುಂಪಿನ ಮೇಲೆ, ನಡೆಯುತ್ತವೆ. ಬಾಡಿಗೆಗೆ ಪಡೆದ ಯಂತ್ರಗಳ ಮೇಲೆ ಕ್ಯೂಬ್‌ಅಡ್ಮಿನ್ ಎಂಬ ಸಾಧನ ಬಳಸಿ ನಾವೇ ಕಟ್ಟಿಕೊಂಡ ಕ್ಲಸ್ಟರ್ ಅದು. 2022ರ ಆರಂಭದಲ್ಲಿ ಅದನ್ನು 1.21ನೇ ಆವೃತ್ತಿಯಿಂದ 1.22ಕ್ಕೆ ಏರಿಸಬೇಕಾಯಿತು. ಸಾಮಾನ್ಯವಾಗಿ ಒಂದು ಸಂಜೆಯಲ್ಲಿ ಮುಗಿಯುವ ಈ ಕೆಲಸ ಆ ಸಲ ವಾರಗಟ್ಟಲೆ ಹಿಡಿಯಿತು, ಏಕೆಂದರೆ 2021ರ ಆಗಸ್ಟಿನಲ್ಲಿ ಬಂದ 1.22ರಲ್ಲಿ ಬಹುಕಾಲದಿಂದ ಬಳಕೆಯಲ್ಲಿದ್ದ ಹಲವು ಬೀಟಾ ಎಪಿಐಗಳನ್ನು (ತಂತ್ರಾಂಶಗಳು ಸರ್ವರನ್ನು ಕೇಳಲು ಬಳಸುವ, ಇನ್ನೂ ಅಂತಿಮವಾಗದ ಕರೆಯ ರೂಪಗಳನ್ನು) ಪೂರ್ತಿಯಾಗಿ ತೆಗೆದುಹಾಕಲಾಗಿತ್ತು. ಆ ಕೆಲಸವನ್ನು ಹೇಗೆ ಮಾಡಿದೆವು, ಅಲ್ಲಿ ಕಲಿತದ್ದನ್ನು ನಮ್ಮದೇ ಒಂದು ಮುಕ್ತ ತಂತ್ರಾಂಶದ ಬೀಟಾ ಎಪಿಐಯನ್ನು ಹಿಂಪಡೆಯುವಾಗ ಹೇಗೆ ಅಳವಡಿಸಿಕೊಂಡೆವು ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮುಂದೂಡಲು ಅವಕಾಶವಿರಲಿಲ್ಲ. ಮೂಲ ಯೋಜನೆಯು 1.21ಕ್ಕೆ ಕೊಡುತ್ತಿದ್ದ ಭದ್ರತಾ ತಿದ್ದುಪಡಿಗಳು 2022ರ ಜೂನ್ ತಿಂಗಳಿಗೆ ನಿಲ್ಲುವುದೆಂದು ಮೊದಲೇ ಪ್ರಕಟವಾಗಿತ್ತು. ನಮ್ಮಲ್ಲಿ ಜೂನ್ ಎಂದರೆ ಮಾರುಕಟ್ಟೆಗೆ ಟೊಮೆಟೊ ಆವಕ ಏರುವ ಕಾಲ; ಆಗ ಒಂದು ಗಂಟೆ ಪಟ್ಟಿ ಮುದ್ರಣ ನಿಂತರೂ ಮಂಡಿಯ ಮುಂದೆ ರೈತರು ಸಾಲುಗಟ್ಟುತ್ತಾರೆ. ಆದ್ದರಿಂದ ಯುಗಾದಿಯೊಳಗೆ ಮುಗಿಸಬೇಕೆಂದು ತೀರ್ಮಾನಿಸಿ, ಮಂಡಿಯವರಿಗೆ ಮುಂಚಿತವಾಗಿ ತಿಳಿಸಲು ಹೋದೆವು. ಹಿರಿಯ ಮಂಡಿ ಮಾಲೀಕರೊಬ್ಬರು, "ಈಗ ಚೆನ್ನಾಗೇ ನಡೀತಾ ಇದೆಯಲ್ಲ ಸಾರ್, ಮತ್ತೆ ಯಾಕೆ ಮುಟ್ತೀರ?" ಎಂದು ಕೇಳಿದರು. ಅದು ನ್ಯಾಯವಾದ ಪ್ರಶ್ನೆ. ಬೀಟಾ ಎಪಿಐಗಳ ವಿಷಯದಲ್ಲಿ ಜಗತ್ತಿನಾದ್ಯಂತ ತಂತ್ರಾಂಶ ನಡೆಸುವವರೆಲ್ಲರೂ ಕೇಳುವ ಪ್ರಶ್ನೆಯೂ ಅದೇ, ಮತ್ತು ಅದಕ್ಕೆ ಉತ್ತರ ಕೊಡಬೇಕಾದರೆ ಆ ಎಪಿಐಗಳು ಅಷ್ಟು ಕಾಲ ಬೀಟಾ ಹಂತದಲ್ಲೇ ಏಕೆ ಉಳಿದವು ಎಂಬುದನ್ನು ನೋಡಬೇಕಾಗುತ್ತದೆ.

ಕುಬರ್ನೆಟೀಸಿನಲ್ಲಿ ಪ್ರತಿಯೊಂದು ಎಪಿಐ ಆಲ್ಫಾ, ಬೀಟಾ, ಸ್ಥಿರ ಎಂಬ ಮೂರು ಹಂತಗಳಲ್ಲಿ ಸಾಗುತ್ತದೆ. ಆಲ್ಫಾ ಎಪಿಐಗಳನ್ನು ಕ್ಲಸ್ಟರ್ ನಡೆಸುವವರು ಬೇಕೆಂದೇ ತೆರೆಯಬೇಕು, ಅವು ಯಾವ ಆವೃತ್ತಿಯಲ್ಲಿ ಬೇಕಾದರೂ ಮುನ್ಸೂಚನೆಯಿಲ್ಲದೆ ಮಾಯವಾಗಬಹುದು. ಬೀಟಾ ಎಪಿಐಗಳು ಮಾತ್ರ ಬಹಳ ವರ್ಷಗಳ ಕಾಲ ತಾವಾಗಿಯೇ ತೆರೆದುಕೊಂಡಿರುತ್ತಿದ್ದವು, ಅಂದರೆ ಕ್ಲಸ್ಟರ್ ಕಟ್ಟಿದ ದಿನವೇ ಯಾರು ಬೇಕಾದರೂ ಬಳಸಲು ಸಿದ್ಧವಾಗಿರುತ್ತಿದ್ದವು. ಹೊರಗಿನ ಕೋರಿಕೆಗಳನ್ನು ಒಳಗಿನ ಸೇವೆಗಳಿಗೆ ತಲುಪಿಸುವ ಇನ್‌ಗ್ರೆಸ್ ಎಂಬ ವಸ್ತು ಇದಕ್ಕೆ ಅತ್ಯುತ್ತಮ ಉದಾಹರಣೆ. 2015ರ ನವೆಂಬರಿನಲ್ಲಿ ಬಂದ 1.1ನೇ ಆವೃತ್ತಿಯಲ್ಲಿ ಅದು ಎಕ್ಸ್‌ಟೆನ್ಷನ್ಸ್ ಎಂಬ ಎಪಿಐ ಗುಂಪಿನ ವಿ1ಬೀಟಾ1 (ಬೀಟಾ ಹಂತದ ಆವೃತ್ತಿ) ಆಗಿ ಕಾಣಿಸಿಕೊಂಡಿತು, 1.14ರಲ್ಲಿ ನೆಟ್‌ವರ್ಕಿಂಗ್ ಗುಂಪಿಗೆ ಬಂದಾಗಲೂ ವಿ1ಬೀಟಾ1 ಆಗಿಯೇ ಉಳಿಯಿತು. ಸ್ಥಿರವಾದ ವಿ1 ರೂಪ ಸಿಕ್ಕಿದ್ದು 2020ರ ಆಗಸ್ಟಿನ 1.19ರಲ್ಲಿ. ನಡುವಿನ ಸುಮಾರು ಐದು ವರ್ಷ ಲೆಕ್ಕವಿಲ್ಲದಷ್ಟು ಸಂಸ್ಥೆಗಳು ತಮ್ಮ ಅಸಲಿ ವ್ಯವಹಾರವನ್ನು ಅದರ ಮೇಲೆಯೇ ನಡೆಸಿದವು. ತಾತ್ಕಾಲಿಕವೆಂದು ಹಾಕಿದ ಶೀಟಿನ ಚಪ್ಪರದ ಕೆಳಗೆ ವರ್ಷಗಟ್ಟಲೆ ಹರಾಜು ನಡೆದರೆ ಅದನ್ನು ಬಿಚ್ಚುವ ದಿನ ಯಾರೂ ಅದನ್ನು ತಾತ್ಕಾಲಿಕವೆಂದು ಒಪ್ಪುವುದಿಲ್ಲ. ಬಳಸುವವರಿಗೆ ಅದು ಕೆಲಸ ಮಾಡುತ್ತಿತ್ತು, ಬರೆದವರಿಗೆ ಅದನ್ನು ಮುಗಿಸುವ ತುರ್ತು ಇರಲಿಲ್ಲ. ಹೀಗಾಗಿ ಎರಡೂ ಕಡೆಯವರಿಗೆ ಅಲ್ಲಿಯೇ ನಿಲ್ಲುವುದು ಸುಲಭವಾಗಿತ್ತು.

ಇದರ ಬೆಲೆ 2019ರ ಸೆಪ್ಟೆಂಬರಿನಲ್ಲಿ 1.16 ಬಂದಾಗ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಕಂಡಿತು. ಡಿಪ್ಲಾಯ್‌ಮೆಂಟ್, ಡೀಮನ್‌ಸೆಟ್, ಸ್ಟೇಟ್‌ಫುಲ್‌ಸೆಟ್ ಮುಂತಾದ, ತಂತ್ರಾಂಶಗಳನ್ನು ಓಡಿಸುವ ವಸ್ತುಗಳ ಹಳೆಯ ಬೀಟಾ ರೂಪಗಳನ್ನು ಆ ಆವೃತ್ತಿಯು ಸೇವೆಯಿಂದ ತೆಗೆಯಿತು. ಅವುಗಳ ಸ್ಥಿರ ರೂಪ 2017ರ ಡಿಸೆಂಬರಿನ 1.9ರಲ್ಲಿಯೇ ಬಂದಿದ್ದರೂ ಹಳೆಯ ಕಡತಗಳನ್ನು ಬದಲಿಸದೆ ಬಿಟ್ಟವರು ಬಹಳ ಮಂದಿ ಇದ್ದರು. ಅದಾದ ಮೇಲೆ 1.19ರ ಸುಮಾರಿಗೆ ಯೋಜನೆಯವರು ಮೂರು ನಿರ್ಧಾರಗಳನ್ನು ಕೈಗೊಂಡರು, ಮತ್ತು ನಮ್ಮ ಕೆಲಸ ಸಾಧ್ಯವಾದದ್ದು ಆ ಮೂರರಿಂದಲೇ. ಪ್ರತಿ ಆವೃತ್ತಿಯ ಬೆಂಬಲದ ಅವಧಿ ಸುಮಾರು ಒಂಬತ್ತು ತಿಂಗಳಿನಿಂದ ಒಂದು ವರ್ಷಕ್ಕೆ ಏರಿತು. ಬೀಟಾ ಹಂತ ತಲುಪಿದ ಯಾವುದೇ ಹೊಸ ಎಪಿಐ ಒಂಬತ್ತು ತಿಂಗಳೊಳಗೆ ಸ್ಥಿರವಾಗಬೇಕು, ಇಲ್ಲವೇ ಹೊಸ ಬೀಟಾಕ್ಕೆ ಜಾಗ ಬಿಟ್ಟು ತಾನು ಹಿಂದೆ ಸರಿಯಬೇಕು ಎಂಬ ನಿಯಮ ಬಂತು. ಮೂರನೆಯದು, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು: ಹಿಂಪಡೆಯಲಾಗುತ್ತಿರುವ ಎಪಿಐಯನ್ನು ಕರೆದವರಿಗೆ ಸರ್ವರ್ ತಾನೇ ಎಚ್ಚರಿಕೆ ಕಳಿಸತೊಡಗಿತು.

ಆ ಎಚ್ಚರಿಕೆಯ ವಿನ್ಯಾಸದ ಬಗ್ಗೆ ಸ್ವಲ್ಪ ಹೇಳಲೇಬೇಕು. ಕೋರಿಕೆ ಯಶಸ್ವಿಯಾಗುತ್ತದೆ, ಉತ್ತರ ಎಂದಿನಂತೆಯೇ ಬರುತ್ತದೆ. ಅದರ ಜೊತೆಗೆ 299 ಎಂಬ ಸಂಖ್ಯೆಯ ಒಂದು ವಾರ್ನಿಂಗ್ ಹೆಡರ್, ಅಂದರೆ ಉತ್ತರಕ್ಕೆ ಅಂಟಿದ ಎಚ್ಚರಿಕೆಯ ಟಿಪ್ಪಣಿ, ಸೇರಿರುತ್ತದೆ. ಕ್ಯೂಬ್‌ಸಿಟಿಎಲ್ ಎಂಬ ಆಜ್ಞಾ ಸಾಧನ ಅದನ್ನು ಟರ್ಮಿನಲ್ಲಿನಲ್ಲಿ ಒಂದು ಸಾಲಾಗಿ ತೋರಿಸುತ್ತದೆ. ಆ ಸಾಲಿನಲ್ಲಿ ಮೂರು ಸಂಗತಿಗಳಿರುತ್ತವೆ: ಈ ಎಪಿಐ ಯಾವ ಆವೃತ್ತಿಯಿಂದ ಡೆಪ್ರಿಕೇಟ್ ಆಗಿದೆ (ಅಂದರೆ ಹಿಂಪಡೆಯಲಾಗುವುದೆಂದು ಘೋಷಣೆಯಾಗಿದೆ), ಯಾವ ಆವೃತ್ತಿಯಿಂದ ಸಿಗುವುದಿಲ್ಲ, ಅದರ ಬದಲಿಗೆ ಏನನ್ನು ಬಳಸಬೇಕು. ಇನ್‌ಗ್ರೆಸ್ ವಿಷಯದಲ್ಲಿ 1.19, 1.22, ನೆಟ್‌ವರ್ಕಿಂಗ್ ವಿ1 ಎಂದು ಮೂರೂ ಒಂದೇ ಸಾಲಿನಲ್ಲಿ ಬರುತ್ತಿದ್ದವು. ಹಿಂಪಡೆಯುವ ಘೋಷಣೆಗೆ ಇದಕ್ಕಿಂತ ಹೆಚ್ಚಿನ ಮಾತು ಬೇಕಿಲ್ಲ, ಇದಕ್ಕಿಂತ ಕಡಿಮೆಯಾದರೆ ಸಾಲದು. ಬಿಡುಗಡೆ ಟಿಪ್ಪಣಿಯನ್ನು ಓದದವರೂ ಕೆಲಸ ಮಾಡುತ್ತಿರುವ ಜಾಗದಲ್ಲಿಯೇ ಅದನ್ನು ಕಾಣುತ್ತಾರೆ.

ಮೊದಲು ನಾವು ನಮ್ಮ ಕೋಡು ಮತ್ತು ಕಡತಗಳನ್ನು ಇಡುವ ಗಿಟ್ ಭಂಡಾರಗಳಲ್ಲಿ ವಿ1ಬೀಟಾ1 ಎಂದು ಎಲ್ಲೆಲ್ಲಿ ಬರೆದಿದೆ ಎಂದು ಹುಡುಕಿದೆವು. ಒಂದಷ್ಟು ಸಿಕ್ಕವು, ಆದರೆ ಅದಷ್ಟನ್ನೇ ನಂಬಿ ಕೂರುವಂತಿರಲಿಲ್ಲ, ಏಕೆಂದರೆ ಬೇರೆಯವರು ಬರೆದು ನಾವು ಬಳಸುವ ಹೆಲ್ಮ್ ಚಾರ್ಟುಗಳು (ಕ್ಲಸ್ಟರಿನಲ್ಲಿ ತಂತ್ರಾಂಶ ಸ್ಥಾಪಿಸುವ ಸಿದ್ಧ ಕಟ್ಟುಗಳು) ನಮ್ಮ ಭಂಡಾರದಲ್ಲಿರುವುದಿಲ್ಲ, ಕ್ಲಸ್ಟರಿನ ಸ್ಥಿತಿಯನ್ನು ಗಮನಿಸಿ ಸರಿಪಡಿಸುತ್ತಾ ಓಡುತ್ತಿರುವ ಕಂಟ್ರೋಲರುಗಳು ತಮ್ಮೊಳಗಿಂದ ಮಾಡುವ ಕರೆಗಳು ಯಾವ ಕಡತದಲ್ಲಿಯೂ ಕಾಣುವುದಿಲ್ಲ. ಕ್ಲಸ್ಟರನ್ನೇ ಕೇಳೋಣವೆಂದರೆ ಅದೂ ನೇರ ಉತ್ತರ ಕೊಡುವುದಿಲ್ಲ. ಒಂದು ವಸ್ತುವನ್ನು ಯಾವ ಆವೃತ್ತಿಯಲ್ಲಿ ಬರೆದು ಕಳಿಸಿದರೂ ಸರ್ವರ್ ಅದನ್ನು ತನ್ನ ಶೇಖರಣೆಯ ಆವೃತ್ತಿಗೆ ಪರಿವರ್ತಿಸಿ ಇಟಿಸಿಡಿ ಎಂಬ ಡೇಟಾಬೇಸಿನಲ್ಲಿ ಇಡುತ್ತದೆ, ಓದುವವರು ಯಾವ ಆವೃತ್ತಿಯಲ್ಲಿ ಕೇಳುತ್ತಾರೋ ಅದಕ್ಕೆ ಪರಿವರ್ತಿಸಿ ಕೊಡುತ್ತದೆ. ಹೀಗಾಗಿ ಕ್ಯೂಬ್‌ಸಿಟಿಎಲ್ ತೋರಿಸುವ ಆವೃತ್ತಿಯನ್ನು ನೋಡಿ ಇದನ್ನು ಹಳೆಯ ರೂಪದಲ್ಲಿ ಬರೆಯಲಾಗಿತ್ತೋ ಹೊಸ ರೂಪದಲ್ಲೋ ಎಂದು ಹೇಳಲಾಗದು. ಇದೇ ಕಾರಣದಿಂದ ಇನ್ನೊಂದು ಭಯವೂ ನಿವಾರಣೆಯಾಗುತ್ತದೆ: ಬೀಟಾ ರೂಪವನ್ನು ತೆಗೆದಾಗ ಈಗಾಗಲೇ ಇರುವ ಇನ್‌ಗ್ರೆಸ್‌ಗಳು ಅಳಿಸಿಹೋಗುವುದಿಲ್ಲ, ಅವು ವಿ1 ಬಾಗಿಲಿನಿಂದ ಎಂದಿನಂತೆ ಸಿಗುತ್ತವೆ. ನಮ್ಮ ತಂಡದ ಕಿರಿಯರು ಎಲ್ಲವನ್ನೂ ಅಳಿಸಿ ಮತ್ತೆ ಸೃಷ್ಟಿಸಬೇಕೇನೋ ಎಂದುಕೊಂಡಿದ್ದರು. ಅದರ ಅಗತ್ಯವಿಲ್ಲವೆಂದು ತಿಳಿದ ಮೇಲೆ ಎಲ್ಲರಿಗೂ ಹಗುರವಾಯಿತು. ಮುರಿಯುವುದು ವಸ್ತುವಲ್ಲ, ಹಳೆಯ ಬಾಗಿಲನ್ನು ತಟ್ಟುವ ಕೈ.

ಆ ಕೈ ಯಾರದೆಂದು ಕಂಡುಹಿಡಿಯಲು ಎರಡು ಸಾಧನಗಳು ನೆರವಾದವು. ಎಪಿಐ ಸರ್ವರ್ ಪ್ರಕಟಿಸುವ ಮಾಪನಗಳಲ್ಲಿ, ಅದು ಆರಂಭವಾದಾಗಿನಿಂದ ಯಾವ ಯಾವ ಡೆಪ್ರಿಕೇಟ್ ಆದ ಎಪಿಐಗಳನ್ನು ಯಾರಾದರೂ ಕರೆದಿದ್ದಾರೆ, ಅವು ಯಾವ ಆವೃತ್ತಿಯಲ್ಲಿ ಹೋಗುತ್ತವೆ ಎಂಬುದು ಇರುತ್ತದೆ. ಇದರಿಂದ ಏನು ಉಳಿದಿದೆ ಎಂಬುದು ತಿಳಿಯಿತು, ಯಾರು ಎಂಬುದು ತಿಳಿಯಲಿಲ್ಲ. ಯಾರು ಎಂಬುದಕ್ಕೆ ಆಡಿಟ್ ಲಾಗ್, ಅಂದರೆ ಸರ್ವರಿಗೆ ಬಂದ ಕೋರಿಕೆಗಳ ದಾಖಲೆ, ಬೇಕು. ಅದು ತಾನಾಗಿ ಬರೆಯಲ್ಪಡುವುದಿಲ್ಲ, ನೀತಿಯ ಕಡತವೊಂದನ್ನು ಕೊಟ್ಟು ಚಾಲೂ ಮಾಡಬೇಕು. ನಾವು ಕೋರಿಕೆಯ ಒಡಲನ್ನು ಬಿಟ್ಟು ಮೇಲ್ವಿವರಗಳನ್ನು ಮಾತ್ರ ಬರೆಯುವಂತೆ ಹೊಂದಿಸಿದೆವು. ಡೆಪ್ರಿಕೇಟ್ ಆದ ಎಪಿಐಯನ್ನು ಕರೆದ ಪ್ರತಿ ನಮೂದಿನಲ್ಲಿ ಡೆಪ್ರಿಕೇಟೆಡ್ ಎಂಬ ಗುರುತು ಹಾಗೂ ತೆಗೆಯಲಾಗುವ ಆವೃತ್ತಿ ಇರುತ್ತದೆ, ಜೊತೆಗೆ ಕರೆದ ಖಾತೆಯ ಹೆಸರು, ಯೂಸರ್ ಏಜೆಂಟ್ (ಕರೆದ ತಂತ್ರಾಂಶದ ಗುರುತು) ಮತ್ತು ಐಪಿ ವಿಳಾಸ. ಒಂದು ವಾರದ ಹರಾಜಿನ ಚಕ್ರ ಪೂರ್ತಿ ಉರುಳುವವರೆಗೆ ಅದನ್ನು ಓಡಲು ಬಿಟ್ಟೆವು, ಏಕೆಂದರೆ ವಾರಕ್ಕೊಮ್ಮೆ ಮಾತ್ರ ಎದ್ದು ಕೆಲಸ ಮಾಡುವ ಕಾರ್ಯಗಳು ನಮ್ಮಲ್ಲಿದ್ದವು.

ಲಾಗಿನಲ್ಲಿ ಸಿಕ್ಕವರು ಹೀಗಿದ್ದರು. ಟಿಎಲ್‌ಎಸ್ (ಸುರಕ್ಷಿತ ಸಂಪರ್ಕದ) ಪ್ರಮಾಣಪತ್ರಗಳನ್ನು ನವೀಕರಿಸುವ ಕಂಟ್ರೋಲರ್, ಹಳೆಯ ಆವೃತ್ತಿಯದು. ಕ್ಲಸ್ಟರಿನ ಆರೋಗ್ಯವನ್ನು ಅಳೆದು ಮಾಪನಗಳನ್ನು ಕಳಿಸುವ ಒಂದು ಸೇವೆ. ನಿರ್ಮಾಣದ ಯಂತ್ರದ ಮೇಲಿದ್ದ, ನಾವು ನೋಡದೆ ಬಿಟ್ಟಿದ್ದ ಒಂದು ಶೆಲ್ ಸ್ಕ್ರಿಪ್ಟ್. ಮತ್ತು ಒಂದು ಸಣ್ಣ ಸಾಧನ, ಸಂರಚನೆ ಬದಲಾದಾಗ ಪಾಡ್‌ಗಳನ್ನು (ಕ್ಲಸ್ಟರಿನಲ್ಲಿ ಓಡುವ ತಂತ್ರಾಂಶದ ಘಟಕಗಳನ್ನು) ಮರುಪ್ರಾರಂಭಿಸುವ ಕೆಲಸಕ್ಕೆ ಯಾರೋ ಬರೆದು ಮುಕ್ತವಾಗಿ ಹಂಚಿದ್ದು. ಮೊದಲ ಎರಡಕ್ಕೆ ಹೊಸ ಆವೃತ್ತಿಗಳು ಸಿದ್ಧವಿದ್ದವು, ಏರಿಸಿದೆವು. ಕೊನೆಯದರ ನಿರ್ವಾಹಕರು ಬಹಳ ದಿನಗಳಿಂದ ಆ ಕಡೆ ತಿರುಗಿ ನೋಡಿರಲಿಲ್ಲ. ನಾವು ತಿದ್ದುಪಡಿಯೊಂದನ್ನು ಬರೆದು ಕಳಿಸಿದೆವು, ಸೌಜನ್ಯದಿಂದ ಕಾದೆವು, ಉತ್ತರ ಬಾರದಿದ್ದಾಗ ಆ ಸಾಧನವನ್ನೇ ಬಿಟ್ಟು ಅದರ ಕೆಲಸವನ್ನು ನಮ್ಮ ಚಾರ್ಟಿನೊಳಗೆ ತಂದುಕೊಂಡೆವು. ಆ ನಿರ್ವಾಹಕರ ಮೇಲೆ ನನಗೆ ಯಾವ ಆಕ್ಷೇಪವೂ ಇಲ್ಲ. ಬಿಡುವಿನಲ್ಲಿ ಬರೆದು ಉಚಿತವಾಗಿ ಕೊಟ್ಟವರಿಂದ ಜೀವನಪೂರ್ತಿ ಸೇವೆ ನಿರೀಕ್ಷಿಸುವುದು ಸರಿಯಲ್ಲ. ಆದರೆ ಮೂಲದಲ್ಲಿ ಒಂದು ಬೀಟಾ ಎಪಿಐ ಹೋದಾಗ ಅದರ ಹೊರೆ ಹೀಗೆ ಕೆಳಗಿಳಿಯುತ್ತಾ ಕೊನೆಗೆ ಕೋಲಾರದಂಥ ಊರಿನಲ್ಲಿ ಇಬ್ಬರು ಮೂವರಿರುವ ತಂಡದ ಮೇಲೆ ಬಂದು ಕೂರುತ್ತದೆ ಎಂಬುದನ್ನು ಬೀಟಾ ಎಪಿಐ ಹೊರಡಿಸುವವರು ಎದುರಿಗಿಟ್ಟುಕೊಂಡಿರಬೇಕು.

ಕಡತಗಳನ್ನು ಬದಲಿಸುವಾಗ ಆವೃತ್ತಿಯ ಸಾಲನ್ನಷ್ಟೇ ತಿದ್ದಿದರೆ ಸಾಲದು. ಇನ್‌ಗ್ರೆಸ್ಸಿನ ವಿ1 ರೂಪದಲ್ಲಿ ಸೇವೆಯ ಹೆಸರು ಮತ್ತು ಪೋರ್ಟು ಒಂದರೊಳಗೊಂದು ಕೂರುವ ಹೊಸ ರಚನೆಗೆ ಬಂದವು, ಪೋರ್ಟನ್ನು ಹೆಸರಿನಿಂದ ಕರೆಯುತ್ತೀರೋ ಸಂಖ್ಯೆಯಿಂದ ಕರೆಯುತ್ತೀರೋ ಎಂಬುದನ್ನು ಬಿಡಿಸಿ ಹೇಳಬೇಕಾಯಿತು. ಇವು ಯಾಂತ್ರಿಕ ಬದಲಾವಣೆಗಳು, ಕ್ಯೂಬ್‌ಸಿಟಿಎಲ್‌ನ ಕನ್ವರ್ಟ್ ಪ್ಲಗಿನ್ನು ಮಾಡಿಕೊಡುತ್ತದೆ. ಯೋಚನೆ ಬೇಡಿದ್ದು ಪಾತ್‌ಟೈಪ್ ಎಂಬ ಕ್ಷೇತ್ರ. ವಿ1ರಲ್ಲಿ ಅದು ಕಡ್ಡಾಯ. ಹಿಂದೆ ಅದನ್ನು ಬರೆಯದಿದ್ದರೆ ಮಾರ್ಗವನ್ನು ಹೇಗೆ ಹೊಂದಿಸಬೇಕೆಂಬುದು ಆಯಾ ಕಂಟ್ರೋಲರಿನ ಇಚ್ಛೆಗೆ ಬಿಟ್ಟದ್ದಾಗಿತ್ತು. ಈಗ ಎಕ್ಸಾಕ್ಟ್, ಪ್ರೀಫಿಕ್ಸ್, ಅಥವಾ ಕಂಟ್ರೋಲರಿನ ಇಚ್ಛೆ ಎಂದು ಮೂರರಲ್ಲೊಂದನ್ನು ನಾವೇ ಹೇಳಬೇಕು. ನಮ್ಮಲ್ಲಿ ರೈತರ ಪಟ್ಟಿಗಳ ಸೇವೆ ಒಂದು, ತಿಂಗಳ ವರದಿಗಾಗಿ ಪಟ್ಟಿಗಳನ್ನು ಒಟ್ಟುಮಾಡುವ ಸೇವೆ ಇನ್ನೊಂದು. ಒಂದರ ಮಾರ್ಗ 'ಪಟ್ಟಿ' ಎಂದೂ ಇನ್ನೊಂದರದು 'ಪಟ್ಟಿಗಳು' ಎಂದೂ ಇಟ್ಟುಕೊಳ್ಳಿ. ಪ್ರೀಫಿಕ್ಸ್ ಹೊಂದಿಕೆ ಅಕ್ಷರಗಳನ್ನು ನೋಡುವುದಿಲ್ಲ, ಓರೆಗೆರೆಗಳ ನಡುವಿನ ಪೂರ್ಣ ತುಣುಕುಗಳನ್ನು ನೋಡುತ್ತದೆ. ಆದ್ದರಿಂದ 'ಪಟ್ಟಿ' ಎಂಬ ನಿಯಮಕ್ಕೆ 'ಪಟ್ಟಿ/12' ಹೊಂದುತ್ತದೆ, 'ಪಟ್ಟಿಗಳು' ಹೊಂದುವುದಿಲ್ಲ. ನಮ್ಮ ಹಳೆಯ ಕಂಟ್ರೋಲರು ಆರಂಭದ ಅಕ್ಷರಗಳನ್ನಷ್ಟೇ ಹೋಲಿಸುತ್ತಿತ್ತು, ಆ ನಡವಳಿಕೆಯನ್ನು ನೆಚ್ಚಿಕೊಂಡ ಒಂದು ಮಾರ್ಗವೂ ನಮ್ಮಲ್ಲಿತ್ತು. ಪ್ರತಿ ಮಾರ್ಗಕ್ಕೂ ಹಿಂದಿನ ದಿನಗಳ ಅಸಲಿ ಕೋರಿಕೆಗಳನ್ನು ಪರೀಕ್ಷಾ ಕ್ಲಸ್ಟರಿಗೆ ಮರಳಿ ಕಳಿಸಿ, ಉತ್ತರ ಬರುವ ಸೇವೆ ಅದೇ ಹೌದೇ ಎಂದು ನೋಡಿದ ಮೇಲೆಯೇ ಆ ಕಡತವನ್ನು ಒಪ್ಪಿದೆವು.

ಇಂಥ ಅರ್ಥದ ಬದಲಾವಣೆಗಳು ಮುಂದೆಯೂ ಎದುರಾದವು. 2022ರ ಆಗಸ್ಟಿನ 1.25ರಲ್ಲಿ, ಒಮ್ಮೆಗೆ ಎಷ್ಟು ಪಾಡುಗಳನ್ನು ನಿಲ್ಲಿಸಬಹುದೆಂದು ಮಿತಿ ಹಾಕುವ ಪಾಡ್ ಡಿಸ್ರಪ್ಷನ್ ಬಜೆಟ್ಟಿನ ಬೀಟಾ ರೂಪ ಹೋಯಿತು. ಬೀಟಾದಲ್ಲಿ ಖಾಲಿ ಸೆಲೆಕ್ಟರ್ (ಪಾಡುಗಳನ್ನು ಆರಿಸುವ ನಿಯಮ) ಎಂದರೆ ಯಾವ ಪಾಡೂ ಇಲ್ಲ, ಸ್ಥಿರ ರೂಪದಲ್ಲಿ ಖಾಲಿ ಸೆಲೆಕ್ಟರ್ ಎಂದರೆ ಆ ನೇಮ್‌ಸ್ಪೇಸಿನ (ಕ್ಲಸ್ಟರಿನ ಆ ವಿಭಾಗದ) ಎಲ್ಲ ಪಾಡುಗಳೂ. ಕಡತದಲ್ಲಿ ಒಂದು ಅಕ್ಷರವೂ ಬದಲಾಗದೆ ಅದರ ಅರ್ಥ ತಿರುಗುಮುರುಗಾಗುತ್ತದೆ. ಬೀಟಾ ಹಂತ ಇರುವುದೇ ಇಂಥ ತಪ್ಪು ಆಯ್ಕೆಗಳನ್ನು ತಿದ್ದಿಕೊಳ್ಳಲು, ಹಾಗಾಗಿ ಬದಲಾವಣೆಯನ್ನು ನಾನು ಆಕ್ಷೇಪಿಸುವುದಿಲ್ಲ. ಆದರೆ ತಿದ್ದುವುದು ತಡವಾದಷ್ಟೂ ಅದರ ಮೇಲೆ ನಿಂತವರ ಸಂಖ್ಯೆ ಬೆಳೆಯುತ್ತದೆ.

ಹೆಲ್ಮ್ ಒಡ್ಡಿದ ತೊಡಕು ಬೇರೆಯೇ ಬಗೆಯದು, ಹಲವರು ಇಲ್ಲಿಯೇ ಸಿಕ್ಕಿಬೀಳುತ್ತಾರೆ. ಹೆಲ್ಮ್ ತಾನು ಸ್ಥಾಪಿಸಿದ ಪ್ರತಿ ಬಿಡುಗಡೆಯ ಪೂರ್ಣ ಕಡತವನ್ನು ಕ್ಲಸ್ಟರಿನೊಳಗೆ ಸೀಕ್ರೆಟ್ ಎಂಬ ವಸ್ತುವೊಂದರಲ್ಲಿ ಇಟ್ಟುಕೊಂಡಿರುತ್ತದೆ. ಮುಂದಿನ ಸಲ ಏರಿಸುವಾಗ ಹಳೆಯ ಕಡತವನ್ನು ತೆಗೆದು ಹೊಸದರೊಂದಿಗೆ ಹೋಲಿಸುತ್ತದೆ. ಕ್ಲಸ್ಟರ್ 1.22ಕ್ಕೆ ಏರಿದ ಮೇಲೆ ಆ ಹಳೆಯ ಕಡತದಲ್ಲಿರುವ ವಿ1ಬೀಟಾ1 ಎಂಬ ಆವೃತ್ತಿ ಸರ್ವರಿಗೆ ಗೊತ್ತೇ ಇರುವುದಿಲ್ಲವಾದ್ದರಿಂದ, ಹೊಸ ಚಾರ್ಟ್ ಎಷ್ಟೇ ಸರಿಯಾಗಿದ್ದರೂ ಹೋಲಿಕೆಯ ಹಂತದಲ್ಲಿಯೇ ಕೆಲಸ ನಿಂತುಬಿಡುತ್ತದೆ. ಹಳೆಯ ದಾಖಲೆಯನ್ನು ತಿದ್ದಿಕೊಡುವ ಮ್ಯಾಪ್‌ಕ್ಯೂಬ್‌ಎಪಿಐಸ್ ಎಂಬ ಪ್ಲಗಿನ್ನು ಇದೆ. ನಾವು ಅದಕ್ಕಿಂತ ನೇರವಾದ ದಾರಿ ಹಿಡಿದೆವು: 1.21ರಲ್ಲಿ ಎರಡೂ ರೂಪಗಳು ಇನ್ನೂ ಸಿಗುತ್ತಿರುವಾಗಲೇ ಎಲ್ಲ ಚಾರ್ಟುಗಳನ್ನೂ ವಿ1 ರೂಪದಲ್ಲಿ ಒಮ್ಮೆ ಏರಿಸಿ, ಕೊನೆಯ ದಾಖಲೆ ಹೊಸದಾಗುವಂತೆ ಮಾಡಿದೆವು. ಹಳೆಯದೂ ಹೊಸದೂ ಒಟ್ಟಿಗೆ ಇರುವ ಆವೃತ್ತಿಗಳ ಬೆಲೆ ಎಷ್ಟೆಂಬುದು ಅಲ್ಲಿ ಅರಿವಾಯಿತು. 1.19, 1.20, 1.21, ಈ ಮೂರರಲ್ಲಿಯೂ ಇನ್‌ಗ್ರೆಸ್ಸಿನ ಎರಡೂ ರೂಪಗಳು ಅಕ್ಕಪಕ್ಕದಲ್ಲಿದ್ದವು. ಬೀಟಾ ಎಪಿಐಯನ್ನು ಡೆಪ್ರಿಕೇಟ್ ಮಾಡಿದ ಮೇಲೆ ಒಂಬತ್ತು ತಿಂಗಳು ಅಥವಾ ಮೂರು ಆವೃತ್ತಿ, ಯಾವುದು ಹೆಚ್ಚೋ ಅಷ್ಟು ಕಾಲ ಸೇವೆಯಲ್ಲಿಡಬೇಕೆಂಬ ಯೋಜನೆಯ ನಿಯಮ ನಮ್ಮಂಥವರಿಗಾಗಿಯೇ ಇರುವುದು.

ಏರಿಸುವ ಮೊದಲು ಕೊನೆಯ ಪರೀಕ್ಷೆಯೊಂದು ಉಳಿದಿತ್ತು. ಎಪಿಐ ಸರ್ವರಿಗೆ ರನ್‌ಟೈಮ್ ಕಾನ್ಫಿಗ್ ಎಂಬ ಆಯ್ಕೆಯಲ್ಲಿ ನಿರ್ದಿಷ್ಟ ಎಪಿಐ ಆವೃತ್ತಿಯನ್ನು ಮುಚ್ಚುವಂತೆ ಹೇಳಬಹುದು. ಪರೀಕ್ಷಾ ಕ್ಲಸ್ಟರಿನಲ್ಲಿ 1.21 ಇರುವಾಗಲೇ 1.22ರಲ್ಲಿ ಹೋಗಲಿರುವ ಬೀಟಾಗಳನ್ನೆಲ್ಲ ಹೀಗೆ ಮುಚ್ಚಿ, ಒಂದು ಹರಾಜಿನ ದಿನದ ಕೆಲಸವನ್ನು ಪೂರ್ತಿ ನಡೆಸಿದೆವು. ಏನಾದರೂ ಮುರಿದಿದ್ದರೆ ಒಂದು ಸಾಲು ತೆಗೆದು ಮರುಪ್ರಾರಂಭಿಸಿದರೆ ಸಾಕಿತ್ತು. ಅಸಲಿ ಏರಿಕೆಯನ್ನು ಹಾಗೆ ಹಿಂದಕ್ಕೆ ತಿರುಗಿಸಲಾಗದು. ಏನೂ ಮುರಿಯಲಿಲ್ಲ. ಆ ಮೇಲಿನ ಏರಿಕೆ ಒಂದು ಮಧ್ಯಾಹ್ನ, ಹರಾಜು ಮುಗಿದು ಲಾರಿಗಳು ಹೊರಟ ಮೇಲೆ, ಯಾವ ಗದ್ದಲವೂ ಇಲ್ಲದೆ ನಡೆಯಿತು.

ಈ ಅನುಭವ ಹಸಿಯಾಗಿರುವಾಗಲೇ ನಮ್ಮದೇ ಎಪಿಐಯ ಸರದಿ ಬಂತು. ಮಂಡಿಗಳ ಡೇಟಾಬೇಸಿನ ಬ್ಯಾಕಪ್ ತೆಗೆಯಲು ನಾವು ಬರೆದ ಕಂಟ್ರೋಲರೊಂದನ್ನು ಮುಕ್ತ ಪರವಾನಗಿಯಲ್ಲಿ ಹಂಚಿದ್ದೆವು, ನಮ್ಮ ಹೊರಗಿನವರೂ ಕೆಲವರು ಅದನ್ನು ಬಳಸುತ್ತಿದ್ದರು. ಅದರ ವಸ್ತುವಿನ ಆವೃತ್ತಿಯೂ ವಿ1ಬೀಟಾ1. ಬ್ಯಾಕಪ್ಪನ್ನು ಒಂದೇ ಜಾಗಕ್ಕೆ ಕಳಿಸುವಂತೆ ಅದರಲ್ಲಿ ಒಂದೇ ಕ್ಷೇತ್ರವಿತ್ತು. ವಿ1ರಲ್ಲಿ ಹಲವು ಜಾಗಗಳ ಪಟ್ಟಿ ಬೇಕೆಂದು ನಿರ್ಧರಿಸಿದೆವು. ಕುಬರ್ನೆಟೀಸಿನ ನೀತಿಯಲ್ಲಿರುವ ಒಂದು ನಿಯಮವನ್ನು ನಾವು ಅಕ್ಷರಶಃ ಪಾಲಿಸಿದೆವು: ಒಂದು ಬಿಡುಗಡೆಯೊಳಗೆ ವಸ್ತುವೊಂದನ್ನು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ಮೊದಲಿನದಕ್ಕೆ ಪರಿವರ್ತಿಸಿದರೆ ಯಾವ ಮಾಹಿತಿಯೂ ಕಳೆಯಬಾರದು. ವಿ1ರಲ್ಲಿ ಎರಡು ಜಾಗ ಬರೆದ ವಸ್ತುವನ್ನು ಹಳೆಯ ಕ್ಲೈಂಟೊಂದು ಬೀಟಾ ರೂಪದಲ್ಲಿ ಓದಿ, ಬೇರೇನನ್ನೋ ತಿದ್ದಿ ಮರಳಿ ಬರೆದರೆ ಎರಡನೆಯ ಜಾಗ ಸದ್ದಿಲ್ಲದೆ ಅಳಿಸಿಹೋಗುತ್ತದೆ. ಬ್ಯಾಕಪ್ಪಿನ ವಿಷಯದಲ್ಲಿ ಅದು ಗೊತ್ತಾಗುವುದು ಬ್ಯಾಕಪ್ ಬೇಕಾದ ದಿನವೇ. ಆದ್ದರಿಂದ ಪರಿವರ್ತನೆಗಾಗಿ ಸರ್ವರ್ ಕರೆಯುವ ನಮ್ಮ ವೆಬ್‌ಹುಕ್ಕಿನಲ್ಲಿ, ಬೀಟಾ ರೂಪಕ್ಕೆ ಹಿಡಿಯದ ಜಾಗಗಳನ್ನು ಒಂದು ಅನೊಟೇಷನ್ನಿನಲ್ಲಿ (ವಸ್ತುವಿಗೆ ಅಂಟಿಸುವ ಟಿಪ್ಪಣಿಯಲ್ಲಿ) ಹೊತ್ತು ಸಾಗಿಸಿ, ವಿ1ಕ್ಕೆ ಮರಳುವಾಗ ಮತ್ತೆ ಜೋಡಿಸಿದೆವು. ಎರಡೂ ದಿಕ್ಕಿನ ಪರಿವರ್ತನೆಗೆ ಮನಬಂದ ಮೌಲ್ಯಗಳನ್ನು ಕೊಟ್ಟು ಪರೀಕ್ಷಿಸುವ ಫಜ್ ಟೆಸ್ಟ್ ಬರೆದೆವು. ಇಡೀ ಕೆಲಸದಲ್ಲಿ ಹೆಚ್ಚು ಹೊತ್ತು ಹಿಡಿದದ್ದೂ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದೂ ಇದೇ.

ಡೆಪ್ರಿಕೇಟ್ ಮಾಡುವ ಘೋಷಣೆ ಸುಲಭವಾಗಿತ್ತು. ನಾವೇ ಸೇರಿಸಿದ ಬಗೆಯ ವಸ್ತುವನ್ನು ಕುಬರ್ನೆಟೀಸಿಗೆ ವಿವರಿಸುವ ಕಸ್ಟಮ್ ರಿಸೋರ್ಸ್ ವ್ಯಾಖ್ಯೆಯಲ್ಲಿ ಪ್ರತಿ ಆವೃತ್ತಿಗೂ ಡೆಪ್ರಿಕೇಟೆಡ್ ಎಂಬ ಗುರುತನ್ನೂ ಎಚ್ಚರಿಕೆಯ ವಾಕ್ಯವನ್ನೂ ಬರೆಯಲು ಜಾಗವಿದೆ, ಸರ್ವರ್ ಅದನ್ನು ತನ್ನ ಎಪಿಐಗಳಂತೆಯೇ ಕರೆದವರಿಗೆ ತೋರಿಸುತ್ತದೆ. ನಾವು ಅದೇ ಮೂರು ಸಂಗತಿಗಳನ್ನು ಬರೆದೆವು. ತೆಗೆಯುವ ಆವೃತ್ತಿಯನ್ನು ಹೆಸರಿಸದೆ 'ಮುಂದೊಮ್ಮೆ' ಎಂದು ಬಿಡುವ ಪದ್ಧತಿ ಹಲವು ಯೋಜನೆಗಳಲ್ಲಿದೆ; ನನ್ನ ಅಭಿಪ್ರಾಯದಲ್ಲಿ ಅದು ಬಳಸುವವರಿಗೆ ತೋರುವ ದಯೆಯಲ್ಲ. ಮುಂದೊಮ್ಮೆ ಎಂದರೆ ಯಾರ ಕೆಲಸದ ಯೋಜನೆಯಲ್ಲಿಯೂ ಅದು ಬರುವುದಿಲ್ಲ, ನಿಜವಾಗಿ ಹೋಗುವ ದಿನ ಎಲ್ಲರಿಗೂ ಒಟ್ಟಿಗೆ ಪೆಟ್ಟು ಬೀಳುತ್ತದೆ.

ನಮ್ಮ ಕಂಟ್ರೋಲರನ್ನು ಬಳಸುತ್ತಿದ್ದ ಚಿಕ್ಕಬಳ್ಳಾಪುರದ ಒಂದು ತಂಡದವರು ಫೋನ್ ಮಾಡಿ, ತಾವು ಮಾರ್ಚ್ ಲೆಕ್ಕ ಮುಗಿದ ಮೇಲೆ ವರ್ಷಕ್ಕೊಮ್ಮೆ ಮಾತ್ರ ಏರಿಸುವುದೆಂದೂ, ನಾವು ಹೇಳಿದ ಗಡುವು ಅದಕ್ಕೆ ಮೊದಲೇ ಬರುತ್ತದೆಂದೂ ಹೇಳಿದರು. "ಒಂದು ಬಿಡುಗಡೆ ಜಾಸ್ತಿ ಇಟ್ಕೊಡಿ ಸಾರ್, ಏಪ್ರಿಲ್‌ನಲ್ಲಿ ನಾವೇ ಪರೀಕ್ಷೆ ಮಾಡಿ ನಿಮಗೆ ಹೇಳ್ತೀವಿ" ಎಂದರು. ಗಡುವನ್ನು ಒಂದು ಬಿಡುಗಡೆಯಷ್ಟು ಮುಂದಕ್ಕೆ ಹಾಕಿದೆವು. ಕುಬರ್ನೆಟೀಸಿನವರು ಬೆಂಬಲದ ಅವಧಿಯನ್ನು ಒಂದು ವರ್ಷಕ್ಕೆ ಏರಿಸಿದ್ದೂ ಇದೇ ಬಗೆಯ ಕಾರಣಕ್ಕೆ: ವರ್ಷಕ್ಕೊಂದು ಸಲ ಯೋಜನೆ ಹಾಕುವವರು ಎಲ್ಲೆಡೆ ಇದ್ದಾರೆ. ಆ ತಂಡದವರು ಮಾತಿನಂತೆ ಪರೀಕ್ಷಿಸಿ, ನಮಗೆ ಹೊಳೆಯದಿದ್ದ ಒಂದು ಪರಿವರ್ತನೆಯ ಸಂದರ್ಭವನ್ನೂ ತೋರಿಸಿಕೊಟ್ಟರು.

ತೆಗೆಯುವ ಹಂತವನ್ನು ಅವಸರವಿಲ್ಲದೆ ಮಾಡಿದೆವು. ಮೊದಲ ಬಿಡುಗಡೆಯಲ್ಲಿ ಎರಡೂ ರೂಪಗಳು ಸೇವೆಯಲ್ಲಿದ್ದರೂ ಶೇಖರಣೆ ಬೀಟಾ ರೂಪದಲ್ಲೇ ಉಳಿಯಿತು, ಏಕೆಂದರೆ ಶೇಖರಣೆಯನ್ನೂ ಅಂದೇ ವಿ1ಕ್ಕೆ ಬದಲಿಸಿದರೆ, ಹಿಂದಿನ ಬಿಡುಗಡೆಗೆ ಮರಳಬೇಕಾದವರಿಗೆ ತಮ್ಮ ವಸ್ತುಗಳನ್ನು ಓದಲು ಬಾರದ ಸರ್ವರ್ ಸಿಗುತ್ತದೆ. ಮುಂದಿನ ಬಿಡುಗಡೆಯಲ್ಲಿ ಶೇಖರಣೆ ವಿ1 ಆಯಿತು. ಆದರೂ ಅದುವರೆಗೆ ಬರೆದ ವಸ್ತುಗಳು ಇಟಿಸಿಡಿಯಲ್ಲಿ ಹಳೆಯ ರೂಪದಲ್ಲಿಯೇ ಕುಳಿತಿರುತ್ತವೆ. ಯಾರಾದರೂ ಮತ್ತೆ ಬರೆದಾಗ ಮಾತ್ರ ಹೊಸ ರೂಪ ಪಡೆಯುತ್ತವೆ. ಎಲ್ಲವನ್ನೂ ಒಮ್ಮೆ ಓದಿ ಬದಲಿಸದೆ ಮರಳಿ ಬರೆಯುವ ಸಣ್ಣ ಕಾರ್ಯವೊಂದನ್ನು ಕಂಟ್ರೋಲರಿನೊಂದಿಗೇ ಕೊಟ್ಟೆವು. ಯಾವ ಆವೃತ್ತಿಗಳಲ್ಲಿ ವಸ್ತುಗಳು ಶೇಖರವಾಗಿರಬಹುದು ಎಂಬ ಪಟ್ಟಿ ವ್ಯಾಖ್ಯೆಯ ಸ್ಥಿತಿಯಲ್ಲಿ ಇರುತ್ತದೆ, ಆ ಪಟ್ಟಿಯಲ್ಲಿ ಬೀಟಾ ಇರುವವರೆಗೆ ಅದನ್ನು ವ್ಯಾಖ್ಯೆಯಿಂದ ತೆಗೆಯಲು ಸರ್ವರ್ ಬಿಡುವುದಿಲ್ಲ. ಮರುಬರಹ ಮುಗಿದದ್ದನ್ನು ಖಚಿತಪಡಿಸಿಕೊಂಡು ಪಟ್ಟಿಯಿಂದ ಬೀಟಾವನ್ನು ಕೈಯಾರೆ ತೆಗೆಯಬೇಕು. ಅದಾದ ಮೇಲೂ ಒಂದು ಬಿಡುಗಡೆಯಲ್ಲಿ ಬೀಟಾವನ್ನು ವ್ಯಾಖ್ಯೆಯಲ್ಲಿ ಉಳಿಸಿ, ಸೇವೆಯನ್ನು ಮಾತ್ರ ಮುಚ್ಚಿದೆವು. ಯಾರಿಗಾದರೂ ತೊಂದರೆಯಾದರೆ ಒಂದು ಕ್ಷೇತ್ರ ತಿದ್ದಿ ಮತ್ತೆ ತೆರೆಯಬಹುದಿತ್ತು.

2022ರ ಮೇ ತಿಂಗಳ 1.24ರಿಂದ ಕುಬರ್ನೆಟೀಸಿನ ಹೊಸ ಬೀಟಾ ಎಪಿಐಗಳು ತಾವಾಗಿ ತೆರೆದುಕೊಳ್ಳುವುದಿಲ್ಲ. ಇದರಿಂದ ಬೀಟಾವನ್ನು ಪ್ರಯೋಗಿಸಿ ನೋಡುವವರು ಕಡಿಮೆಯಾಗುತ್ತಾರೆ, ಸ್ಥಿರವಾಗುವ ಮೊದಲು ಬರಬೇಕಾದ ದೂರುಗಳು ಸ್ಥಿರವಾದ ಮೇಲೆ ಬರಬಹುದು ಎಂಬ ವಾದದಲ್ಲಿ ಹುರುಳಿದೆ. ಆದರೂ ನಾನು ಆ ನಿರ್ಧಾರದ ಪರ. ಬೀಟಾ ಬಳಸುವವರು ತಿಳಿದೇ ಬಳಸಬೇಕು. ಕ್ಲಸ್ಟರ್ ಕಟ್ಟಿದ ದಿನವೇ ತೆರೆದಿಟ್ಟ ಬಾಗಿಲನ್ನು ನೋಡಿ ಅದು ಮುಚ್ಚಬಹುದೆಂದು ಯಾರೂ ಊಹಿಸುವುದಿಲ್ಲ. ನಮ್ಮ ಕಂಟ್ರೋಲರಿನಲ್ಲಿಯೂ ಬ್ಯಾಕಪ್ಪನ್ನು ಪರಿಶೀಲಿಸುವ ಹೊಸ ವಸ್ತುವನ್ನು ಬೀಟಾ ಆಗಿ ಸೇರಿಸುವಾಗ ಅದನ್ನು ಬೇಕೆಂದವರು ತೆರೆಯುವಂತೆ ಇಟ್ಟು, ಅದು ಪರಿಚಯವಾದ, ಡೆಪ್ರಿಕೇಟ್ ಆಗುವ, ತೆಗೆಯಲಾಗುವ ಬಿಡುಗಡೆಗಳ ಸಂಖ್ಯೆಗಳನ್ನು ಮೂಲ ಕೋಡಿನಲ್ಲಿಯೇ ಬರೆದಿದ್ದೇವೆ. ತೆಗೆಯಬೇಕಾದ ಬಿಡುಗಡೆಯ ದಿನವೂ ಆ ಬೀಟಾ ಕೋಡಿನಲ್ಲಿ ಉಳಿದಿದ್ದರೆ ನಮ್ಮ ನಿರ್ಮಾಣದ ಪರೀಕ್ಷೆ ವಿಫಲವಾಗುತ್ತದೆ, ಬಿಡುಗಡೆ ಹೊರಡುವುದಿಲ್ಲ.